ಹೊನ್ನೆಗುಡ್ಡೆಗೆ ಬಸ್ಸು ಕೇಳಿದವರು

ಯಾರೇ ಮನೆಗೆ ಬಂದರೂ ನರ್ಸಮ್ಮ ಮೊದಲು ಕೇಳುತ್ತಿದ್ದದ್ದು "ಹ್ಯಾಗೆ ಬಂದ್ರಿ?" ಅಂತ. ನೆಂಟರಿಗೂ ಅದೇ ಪ್ರಶ್ನೆ, ಮದುವೆಗೆ ಕರೆಯಲು ಬಂದವರಿಗೂ ಅದೇ. ಬಸ್ಸಿನಲ್ಲಿ ಬಂದೆ ಎಂದರೆ ಯಾವ ಬಸ್ಸು, ಸೀಟು ಸಿಕ್ಕಿತಾ, ಎಲ್ಲಿ ಇಳಿದು ಎಷ್ಟು ದೂರ ನಡೆದಿರಿ ಎಂದೆಲ್ಲ ವಿಚಾರಿಸಿ ಆಮೇಲೆ ನೀರು ಬೆಲ್ಲ ತಂದಿಡುತ್ತಿದ್ದರು. ಸ್ವಂತ ಗಾಡಿಯಲ್ಲಿ ಬಂದೆ ಎಂದರೆ "ಹೂಂ" ಎಂದು ಒಳಗೆ ಹೋಗಿಬಿಡುತ್ತಿದ್ದರು. ನೀರು ಬೆಲ್ಲ ಆಗಲೂ ಬರುತ್ತಿತ್ತು, ಮಾತು ಮಾತ್ರ ಸ್ವಲ್ಪ ಕಮ್ಮಿಯಾಗುತ್ತಿತ್ತು.

ನಮ್ಮದು ಕೊಪ್ಪಕ್ಕೂ ನರಸಿಂಹರಾಜಪುರಕ್ಕೂ ನಡುವಿನ ಒಂದು ಸಣ್ಣ ಹೋಬಳಿ ಪೇಟೆ. ಅವರು ಶೃಂಗೇರಿಯ ಹತ್ತಿರದ ಮೆಣಸೆಯಲ್ಲಿ ಹುಟ್ಟಿ, ನರ್ಸ್ ಕೆಲಸ ಸಿಕ್ಕಿ ನಮ್ಮ ಕಡೆಗೆ ಬಂದವರು. ಸುತ್ತಲ ಹಳ್ಳಿಗಳಿಗೆ ತಿರುಗಿ ಹೆರಿಗೆ ಮಾಡಿಸುತ್ತ, ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತ ಸರ್ವೀಸು ಮುಗಿಸಿ, ನಮ್ಮ ಪೇಟೆಯಲ್ಲೇ ಸಣ್ಣ ಮನೆ ಮಾಡಿ ಉಳಿದರು. ಮದುವೆಯಾಗಿರಲಿಲ್ಲ. ಊರಿಗೆಲ್ಲ ಅವರು ನರ್ಸಮ್ಮ. ನಾನು ಅಕ್ಕ ಎನ್ನುತ್ತಿದ್ದೆ.

ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್ ಕಲಿಯುವವರು ಕಮ್ಮಿಯಾಗಿ, ಅರ್ಜಿ ಟೈಪ್ ಮಾಡಿಕೊಡುವುದೇ ಮುಖ್ಯ ಕಸುಬಾಗಿದ್ದ ಕಾಲ ಅದು. ಒಂದು ಮಧ್ಯಾಹ್ನ ಅವರು ಮೆಟ್ಟಿಲು ಹತ್ತಿ ಬಂದು, ಕೊಡೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಬರ್ಕೋ" ಎಂದರು. ಬಿದಿರಕೊಡಿಗೆ ಎಂಬ ಹಳ್ಳಿಗೆ ಸಂಜೆ ಒಂದು ಬಸ್ಸು ಬೇಕು ಎಂಬ ಅರ್ಜಿ. ನಾನು ವಾಡಿಕೆಯಂತೆ "ತಾವು ದಯಮಾಡಿ ಕೃಪೆದೋರಿ" ಎಂದು ಹೊಡೆದೆ. ಅವರು ಬಗ್ಗಿ ಓದಿ, "ಕೃಪೆ ಎಂತಕ್ಕೆ? ನಾವೆಂತ ವರ ಕೇಳ್ತಿದ್ದೀವಾ? ತೆಗಿ ಅದನ್ನ" ಎಂದರು. ಹಾಳೆ ಬದಲಿಸಿದೆ. ಎರಡನೆಯ ಸಲ "ಸವಿನಯ ಪ್ರಾರ್ಥನೆ"ಯೂ ಹೋಯಿತು. ಕೊನೆಗೆ ಉಳಿದದ್ದು ಮೂರು ಸಾಲು. ಅಷ್ಟು ಬೋಳಾದ ಅರ್ಜಿಯನ್ನು ನಾನು ಯಾವತ್ತೂ ಟೈಪ್ ಮಾಡಿರಲಿಲ್ಲ.

ಆಮೇಲೆ ಅವರು ಬರುವುದು ಅಭ್ಯಾಸವಾಯಿತು. ಬಂದರೆ ಕುರ್ಚಿಯನ್ನು ಕಿಟಕಿಗೆ ತಿರುಗಿಸಿಕೊಂಡು ಕೂರುತ್ತಿದ್ದರು. ಕೆಳಗೆ ಬಸ್ಸು ಬಂದು ನಿಂತರೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಇಳಿಯುವವರನ್ನು, ಅವರ ಕಂಕುಳಲ್ಲಿದ್ದ ಮಕ್ಕಳನ್ನು, ತಲೆಮೇಲಿನ ಗಂಟನ್ನು ನೋಡಿ ಮುಗಿದ ಮೇಲೆಯೇ ಮಾತು ಮುಂದುವರಿಯುತ್ತಿತ್ತು.

ಬಿದಿರಕೊಡಿಗೆಯ ಮೇಲೆ ಅವರಿಗೆ ಯಾಕೆ ಅಷ್ಟು ಹಟ ಎಂದು ಒಮ್ಮೆ ಕೇಳಿದೆ. ಇನ್ನೊಂದು ದಿನ, ನಾನು ಕೇಳಿದ್ದೇ ಮರೆತಿದ್ದಾಗ, ತಾವಾಗಿ ಹೇಳಿದರು. ನೌಕರಿಗೆ ಸೇರಿದ ಹೊಸತರಲ್ಲಿ ಅಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿತ್ತಂತೆ. ಕಂಬಳಿಯ ಜೋಲಿ ಕಟ್ಟಿ ಗಂಡಸರು ಹೊತ್ತುಕೊಂಡು ಡಾಂಬರು ರಸ್ತೆಗೆ ಬರುವಾಗ ಕೊಪ್ಪದ ಬಸ್ಸು ಹೋಗಿಯಾಗಿತ್ತು. ಮುಂದಿನ ಬಸ್ಸಿಗೆ ಕಾಯುತ್ತ ರಸ್ತೆಯ ಬದಿಯಲ್ಲೇ ಅವಳು ಹೋದಳು, ಮಗುವೂ ಹೋಯಿತು.

"ಔಷಧಿ ಇತ್ತು. ನಾನಿದ್ದೆ. ಕೊಪ್ಪದಲ್ಲಿ ಡಾಕ್ಟ್ರು ಇದ್ರು" ಎಂದರು. "ಆಮೇಲೆ ಇಲಾಖೆಯವ್ರು ಬಂದು ಏನು ಕಾರಣ ಅಂತ ಬರಿ ಅಂದ್ರು. ರಕ್ತಸ್ರಾವ ಅಂತ ಬರ್ದೆ. ಬಸ್ಸಿಲ್ಲ ಅಂತ ಬರೀಲಿಕ್ಕೆ ಅದ್ರಲ್ಲಿ ಜಾಗ ಇರ್ಲಿಲ್ಲ."

ಅಷ್ಟು ಹೇಳಿ ಕೊಡೆ ತೆಗೆದುಕೊಂಡು ಇಳಿದು ಹೋದರು.

ಅರ್ಜಿಗಳಿಂದ ಏನೂ ಆಗದಿದ್ದಾಗ ಅವರು ಕೊಪ್ಪದ ಒಬ್ಬ ಬಸ್ ಮಾಲೀಕರ ಮನೆಗೇ ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಮಾಲೀಕರು ಒಳ್ಳೆಯ ಮನುಷ್ಯ. ಅವರ ಹೆಂಡತಿಯ ಎರಡನೆಯ ಹೆರಿಗೆ ಇವರ ಕೈಯಲ್ಲೇ ಆಗಿತ್ತು. ಕಾಫಿ ಕೊಟ್ಟು, ತಲೆ ಕೆರೆದುಕೊಂಡು, "ನಿಮ್ಮ ಮಾತಿಗೆ ಇಲ್ಲ ಅನ್ನೋಕಾಗಲ್ಲ ಅಮ್ಮ. ಸಂಜೆ ಟ್ರಿಪ್ಪು ಹಾಕ್ತೀನಿ. ಆದ್ರೆ ಡೀಸೆಲ್ ದುಡ್ಡೂ ಹುಟ್ಟದಿದ್ರೆ ತೆಗೀತೀನಿ. ಆವಾಗ ಬೇಜಾರು ಮಾಡ್ಕೋಬಾರದು" ಎಂದರು.

"ಬೇಜಾರು ಮಾಡ್ಕೊಳ್ತೀನಿ. ಆದ್ರೂ ಹಾಕಿ" ಎಂದರು ಅಕ್ಕ.

ಪರ್ಮಿಟ್ಟಿಗೆ ಚಿಕ್ಕಮಗಳೂರಿಗೆ ಅಲೆದಾಡಿ, ಕೊನೆಗೆ ಬಸ್ಸು ಬಂತು. ಮೊದಲ ದಿನ ಬಿದಿರಕೊಡಿಗೆಯ ಹೆಂಗಸರು ಮುಂದಿನ ಗಾಜಿಗೆ ದಾಸವಾಳದ ಹಾರ ಹಾಕಿದರು. ಅಕ್ಕ ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂತು, ಏನೂ ಕೆಲಸವಿಲ್ಲದಿದ್ದರೂ ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬಂದರು. ಇಳಿದಾಗ ಮುಖ ಕೆಂಪಾಗಿತ್ತು. "ಎಷ್ಟು ಚಂದ ಹೋಗ್ತದೆ ಮಾರಾಯ್ತಿ" ಎಂದರು. ನಾನು ಅವರನ್ನು ಪೂರಾ ಸಂತೋಷದಲ್ಲಿ ನೋಡಿದ್ದು ಆ ಸಂಜೆ. ಇನ್ನೊಂದು ಸಲ ನೋಡಿದ ನೆನಪಿಲ್ಲ.

ಆ ವರ್ಷಗಳಲ್ಲೇ ನಮ್ಮ ಕಡೆ ಕಂತಿನ ಮೇಲೆ ಬೈಕು ಬರತೊಡಗಿದ್ದು. ಮೊದಲು ತೋಟದವರ ಮನೆಗೆ ಬಂತು, ಮತ್ತೆ ಮೇಸ್ತ್ರಿಗಳ ಮನೆಗೆ, ಆಮೇಲೆ ಅಡಿಕೆ ಕೊಯ್ಲಿಗೆ ಮರ ಹತ್ತುವ ಹುಡುಗರಿಗೂ ಬಂತು. ಜೊತೆಗೆ ಓಮ್ನಿ, ಬಾಡಿಗೆ ಜೀಪು. ಸಂಜೆ ಬಸ್ಸಿಗೆ ಮುದುಕರು, ಹೆಂಗಸರು, ಶಾಲೆಯ ಮಕ್ಕಳು ಮಾತ್ರ ಉಳಿದರು. ಅಕ್ಕ ಮನೆಮನೆಗೆ ಹೋಗಿ ಬಸ್ಸು ಹತ್ತಿ ಎಂದು ಕೇಳಿಕೊಂಡರು.

"ಬಸ್ಸಿಗೆ ಕಾಯ್ತಾ ಕೂರೋದು ಯಾರು ನರ್ಸಮ್ಮ?" ಎಂದ ಒಬ್ಬ ಯುವಕ, ಬೈಕಿನ ಮೇಲೆ ಕೂತುಕೊಂಡೇ.

"ನಿನ್ನ ಅಮ್ಮ" ಎಂದರು ಇವರು. "ನಿನಗೆ ಬೈಕುಂಟು. ನಿನ್ನ ಅಮ್ಮಂಗೆ, ತಂಗಿಗೆ, ಅಜ್ಜಿಗೆ ಉಂಟಾ?"

ಅವನು ನಕ್ಕು ಕಿಕ್ ಹೊಡೆದು ಹೋದ. ಅಕ್ಕನಿಗೆ ಚೆನ್ನಾಗಿ ಮಾತಾಡಲು ಬರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಸಿಟ್ಟು ಬೇಗ ಬರುತ್ತಿತ್ತು. ಒಂದೇ ಮಾತನ್ನು ಹತ್ತು ಸಲ ಹೇಳಿ ಎದುರಿನವರನ್ನು ದಣಿಸುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅವರು ಬರುವುದು ಕಂಡರೆ ಪೇಪರು ಅಗಲಿಸಿ ಮುಖ ಮುಚ್ಚಿಕೊಳ್ಳುವವರಿದ್ದರು. ನಾನು ಹಳೆಯ ಸ್ಕೂಟಿಯೊಂದನ್ನು ಕೊಂಡಾಗ ಅದರ ಸುತ್ತ ಒಂದು ಸುತ್ತು ಬಂದು, "ಒಳ್ಳೇದಾಯ್ತು ಬಿಡು, ಬಸ್ಸಲ್ಲಿ ಒಂದು ಸೀಟು ಖಾಲಿಯಾಯ್ತು" ಎಂದಿದ್ದರು. ಹೊಗಳಿದ್ದೋ ಬೈದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆಯ ಬಸ್ಸು ನಿಂತಿತು. ಮಾಲೀಕರು ತಾವೇ ಬಂದು ಅಕ್ಕನ ಜಗಲಿಯಲ್ಲಿ ಕೂತು, "ಊರಿನವರೇ ಹತ್ತಲ್ಲ ಅಮ್ಮ, ನಾನೆಂತ ಮಾಡ್ಲಿ?" ಎಂದು ಹೇಳಿಹೋದರು. ಅವರು ಹೋದ ಮೇಲೆ ಅಕ್ಕ, "ಅವರದ್ದು ತಪ್ಪಿಲ್ಲ. ಯಾರದ್ದು ತಪ್ಪು ಅಂತ ಹುಡುಕ್ತಾ ಹೋದ್ರೆ ಯಾರೂ ಸಿಕ್ಕೋದಿಲ್ಲ, ಅದೇ ಕಷ್ಟ" ಎಂದರು.

ಅವರ ಬದುಕಿನ ದೊಡ್ಡ ಸೋಲು ಬಂದದ್ದು ಅದಾದ ಮೇಲೆ.

ಬಸ್ ಸ್ಟ್ಯಾಂಡಿನ ಬೆನ್ನಿಗೆ ಹಳೆಯ ಮರದ ಡಿಪೋದ ಜಾಗ ಇತ್ತು. ಮರ ಕಡಿಯುವುದು ನಿಂತ ಮೇಲೆ ಅದು ಖಾಲಿ ಬಿದ್ದು, ಲಂಟಾನ ಬೆಳೆದು, ದನ ಮೇಯುತ್ತಿದ್ದವು. ಸರ್ಕಾರದ್ದೇ ಜಾಗ, ಸಪಾಟು ನೆಲ. ಅಕ್ಕನ ಕಣ್ಣು ಅದರ ಮೇಲೆ ಬಹಳ ದಿನದಿಂದ ಇತ್ತು. ಹೊಸ ಆಸ್ಪತ್ರೆ ಅಲ್ಲೇ ಆಗಬೇಕು, ಮನೆಯಿಲ್ಲದವರಿಗೆ ಕೊಡುವ ಸೈಟುಗಳೂ ಅಲ್ಲೇ ಆಗಬೇಕು ಎಂಬುದು ಅವರ ವಾದ. "ಹರಿಹರಪುರದಲ್ಲಿ ನೋಡು, ಬಸ್ಸಿಳಿದ್ರೆ ಅಂಗಡಿ, ಶಾಲೆ, ಪೋಸ್ಟಾಫೀಸು ಎಲ್ಲ ಕಾಲ ಬುಡದಲ್ಲೇ. ಊರು ಅಂದ್ರೆ ನಡೆದು ಮುಗೀಬೇಕು ಮಾರಾಯ್ತಿ. ಮುದುಕಿಯೊಬ್ಬಳು ಕೋಲು ಹಿಡಿದು ನಡೆದ್ರೂ ಮುಗೀಬೇಕು" ಎನ್ನುತ್ತಿದ್ದರು.

ಪಂಚಾಯ್ತಿಯವರ ಯೋಚನೆ ಬೇರೆಯಿತ್ತು. ಡಿಪೋ ಜಾಗದಲ್ಲಿ ಅಂಗಡಿಗಳ ಕಾಂಪ್ಲೆಕ್ಸು, ಆಸ್ಪತ್ರೆ ಮತ್ತು ಸೈಟುಗಳು ಹೊನ್ನೆಗುಡ್ಡೆಯ ನೆತ್ತಿಯ ಮೇಲೆ. ಹೊನ್ನೆಗುಡ್ಡೆ ಎಂದರೆ ಪೇಟೆಯಿಂದ ಆಚೆ, ಹಳ್ಳ ದಾಟಿ, ಕಡಿದಾದ ಏರು ಹತ್ತಿ ಹೋಗಬೇಕಾದ ಜಾಗ. ಅಕ್ಕ ತಿಂಗಳುಗಟ್ಟಲೆ ಅದರ ವಿರುದ್ಧ ಓಡಾಡಿದರು. ಅಷ್ಟು ಹೊತ್ತಿಗೆ ನನ್ನಲ್ಲಿ ಕಂಪ್ಯೂಟರ್ ಬಂದಿತ್ತು. ಅವರು ಪಕ್ಕದಲ್ಲಿ ಕೂತು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಸಹಿ ಹಾಕಲು ಪೇಟೆಯ ಕೆಲವರು ಒಪ್ಪಿದರು. ಆದರೆ ಯಾರಿಗಾಗಿ ಅವರು ಓಡಾಡುತ್ತಿದ್ದರೋ ಆ ಜನ ಒಪ್ಪಲಿಲ್ಲ.

ಆ ಜನ ಕಾಫಿ ಎಸ್ಟೇಟುಗಳಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿದ್ದವರು. ಕೆಲಸ ಇರುವವರೆಗೆ ಮನೆ, ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ತಲೆಮಾರುಗಳಿಂದ ಹಾಗೇ ಬದುಕಿದವರಿಗೆ ತಮ್ಮ ಹೆಸರಿನ ಹಕ್ಕುಪತ್ರ ಎಂದರೆ ಏನೆಂದು ನಮ್ಮಂಥವರಿಗೆ ಪೂರ್ತಿ ಅರ್ಥವಾಗಲಾರದು. ಗ್ರಾಮಸಭೆಯಲ್ಲಿ ಅಕ್ಕ ಎದ್ದು, "ಗುಡ್ಡೆ ಮೇಲೆ ಸೈಟು ತಗೋಬೇಡಿ. ಡಿಪೋ ಜಾಗ ಕೇಳಿ. ಗುಡ್ಡೆಗೆ ಬಸ್ಸಿಲ್ಲ, ಮುಂದೂ ಬರೋದಿಲ್ಲ, ಆ ತಿರುವಲ್ಲಿ ಬಸ್ಸು ತಿರುಗೋದೇ ಇಲ್ಲ" ಎಂದು ಶುರುಮಾಡಿದಾಗ ಹಿಂದಿನಿಂದ ಗಿರಿಜ ಎದ್ದಳು. ಗಿರಿಜ ಲೈನಿನ ಹೆಂಗಸರಲ್ಲಿ ಬಾಯಿ ಇದ್ದವಳು. ಅವಳ ಮಗಳು ಹುಟ್ಟಿದ್ದು ಅಕ್ಕನ ಕೈಯಲ್ಲೇ.

"ನರ್ಸಮ್ಮ, ನಿಮಗೆ ಪೇಟೇಲಿ ಮನೆ ಉಂಟು" ಎಂದಳು. "ನನ್ನ ಅತ್ತೆ ಲೈನಲ್ಲೇ ಸತ್ಲು. ಸೂತಕ ಕಳೆಯೋಕೆ ಮುಂಚೆ ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರು ಬಂದು ಮನೇಲಿ ದುಡಿಯೋರು ಎಷ್ಟು ಜನ ಅಂತ ಕೇಳ್ದ. ನಮಗೆ ಬಸ್ಸು ಬ್ಯಾಡ. ಯಾರೂ ಎದ್ದು ಹೋಗು ಅನ್ನದಂಥ ನೆಲ ಬೇಕು. ಡಿಪೋ ಜಾಗ ನಮಗೆ ಯಾರು ಕೊಡ್ತಾರೆ? ನೀವು ಅದನ್ನೇ ಕೇಳ್ತಾ ಇದ್ರೆ ಇದೂ ಹೋಗ್ತದೆ. ನೀವು ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ."

ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದವರೂ ತಟ್ಟಿದರು. ಅಕ್ಕ ಕೂತುಬಿಟ್ಟರು. ಯಾವ ಆಫೀಸರಿಗೂ ಹೆದರದ ಹೆಂಗಸು ಸೀರೆಯ ನೆರಿಗೆಯನ್ನು ಹಿಡಿದು ಬೆರಳಲ್ಲಿ ಮಡಚುತ್ತ, ಬಿಡಿಸುತ್ತ ಸಭೆ ಮುಗಿಯುವವರೆಗೆ ತಲೆ ತಗ್ಗಿಸಿ ಕೂತಿದ್ದರು.

ದಾರಿಯಲ್ಲಿ ನಾನು, "ಅವಳಿಗೆ ತಿಳಿಯೋದಿಲ್ಲ, ಬಿಡಿ ಅಕ್ಕ" ಎಂದೆ.

"ಅವಳಿಗೆ ತಿಳೀತದೆ" ಎಂದರು. "ಅವಳು ಹೇಳಿದ್ದು ಸರಿ. ನಾನು ಹೇಳಿದ್ದೂ ಸರಿ. ಎರಡೂ ಸರಿ ಇರೋ ಕಡೆ ನಮ್ಮನ್ನ ತಂದು ನಿಲ್ಸಿ ಪಂಚಾಯ್ತಿಯವ್ರು ಕಾಂಪ್ಲೆಕ್ಸು ಕಟ್ಟಿಸ್ತಾರೆ, ನೋಡ್ತಾ ಇರು."

ಹಕ್ಕುಪತ್ರ ಹಂಚಿದ ದಿನ ಶಾಮಿಯಾನದ ಹಿಂದೆ ನಿಂತು ಅವರು ಎಲ್ಲವನ್ನೂ ನೋಡಿದರು. ಹೊನ್ನೆಗುಡ್ಡೆಗೆ ಬಸ್ಸು ಬಿಡಿಸುವುದು ತಮ್ಮ ಜವಾಬ್ದಾರಿ ಎಂದು ಭಾಷಣ ಮಾಡಿದವರು ಹೇಳಿದರು. ಮಾರನೆಯ ದಿನವೇ ಅಕ್ಕ ಮಹಡಿ ಹತ್ತಿ ಬಂದು, "ಬರ್ಕೋ. ಹೊನ್ನೆಗುಡ್ಡೆಗೆ ಬಸ್ಸು ಬೇಕು ಅಂತ" ಎಂದರು. ನಾನು ಅವರ ಮುಖ ನೋಡಿದೆ. "ಅವರು ಹೋಗೋದು ಖಂಡಿತ ಆಯ್ತಲ್ಲ. ಹೋದ ಮೇಲೆ ಬರೋಕೆ ದಾರಿ ಬೇಡ್ವಾ?" ಎಂದರು. ಎರಡು ಮಳೆಗಾಲ ಅದೇ ಅರ್ಜಿಗಾಗಿ ಅಲೆದರು. ಆಫೀಸಿನವರು ಏರು ಜಾಸ್ತಿ ಎಂದರು, ತಿರುವು ಸಣ್ಣದು ಎಂದರು, ಅಷ್ಟು ಜನಕ್ಕೆ ಬಸ್ಸಿನ ಖರ್ಚು ಹುಟ್ಟುವುದಿಲ್ಲ ಎಂದರು. ರಸ್ತೆ ಅಗಲಿಸಲು ಮರ ಕಡಿಯಬೇಕು, ಅದಕ್ಕೆ ಅನುಮತಿ ಇಲ್ಲ ಎಂದರು. ಭಾಷಣ ಮಾಡಿದವರು ಆಮೇಲೆ ಸಿಗಲಿಲ್ಲ.

ಡಿಪೋ ಜಾಗದಲ್ಲಿ ಕಾಂಪ್ಲೆಕ್ಸು ಎದ್ದಿತು. ಅರ್ಧ ಷಟರುಗಳು ತೆರೆಯಲೇ ಇಲ್ಲ. ಆಸ್ಪತ್ರೆ ಗುಡ್ಡೆಯ ಮೇಲೆ ಹೋಯಿತು. ಬಣ್ಣ ಹೊಡೆದ ಚಂದದ ಕಟ್ಟಡ. ಆದರೆ ಜ್ವರ ಬಂದವನು ಆ ಏರು ಹತ್ತುವ ಬದಲು ಕೊಪ್ಪದ ಬಸ್ಸು ಹತ್ತುತ್ತಿದ್ದ. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ದಿನ ಇರುತ್ತಾರೆ? ವರ್ಗ ಮಾಡಿಸಿಕೊಂಡು ಹೋದರು. ಇನ್ನೊಬ್ಬರು ಬರಲಿಲ್ಲ.

ಗುಡ್ಡೆಯಲ್ಲಿ ಮನೆ ಕಟ್ಟಿಕೊಂಡವರಿಗೆ ಕೆಲಸ ಇದ್ದದ್ದು ಕೆಳಗಿನ ಎಸ್ಟೇಟುಗಳಲ್ಲೇ. ಬೆಳಗ್ಗೆ ಹಾಜರಿ ಕೂಗುವ ಹೊತ್ತಿಗೆ ಅಲ್ಲಿ ಇರಬೇಕೆಂದರೆ ನಸುಕಿನಲ್ಲಿ ಇಳಿಯಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಸುತ್ತುದಾರಿ. ಜೀಪಿಗೆ ಕೊಟ್ಟರೆ ಕೂಲಿಯಲ್ಲಿ ಉಳಿಯುವುದೇನು? ಒಂದೊಂದೇ ಸಂಸಾರ ಮನೆಗೆ ಬೀಗ ಹಾಕಿ, ಪಾತ್ರೆ ಕಟ್ಟಿಕೊಂಡು, ಅದೇ ಲೈನ್ ಮನೆಗಳಿಗೆ ವಾಪಸಾಯಿತು. ಹಕ್ಕುಪತ್ರ ಟ್ರಂಕಿನಲ್ಲಿತ್ತು. ಅವರಿದ್ದದ್ದು ಮತ್ತೆ ರೈಟರ ಹಂಗಿನಲ್ಲಿ.

ಗಿರಿಜ ಬಹಳ ದಿನ ತಡೆದುಕೊಂಡಳು. ಮಗಳು ಕೊಪ್ಪದಲ್ಲಿ ಪಿಯುಸಿ ಓದುತ್ತಿದ್ದಳು. ಗುಡ್ಡೆ ಇಳಿದು ಪೇಟೆಗೆ ಬರುವಷ್ಟರಲ್ಲಿ ಬಸ್ಸು ತಪ್ಪುವುದು, ತಡವಾಗಿ ಹೋದರೆ ಕ್ಲಾಸಿನ ಹೊರಗೆ ನಿಲ್ಲುವುದು, ಸಂಜೆ ಕಾಡುದಾರಿಯಲ್ಲಿ ಒಬ್ಬಳೇ ಹತ್ತುವುದು. ಯಾರೋ ಇಬ್ಬರು ಬೈಕಿನಲ್ಲಿ ಹಿಂಬಾಲಿಸಿದರು ಎಂದ ಮೇಲೆ ಗಿರಿಜಳ ಗಂಡ ಮಗಳನ್ನು ಕಾಲೇಜು ಬಿಡಿಸಿದ. ಹುಡುಗಿ ಕಾಫಿ ಕೊಯ್ಲಿಗೆ ಹೋಗತೊಡಗಿದಳು. ಅವರೂ ಲೈನಿಗೆ ವಾಪಸು ಬಂದರು.

ಅದಾದ ಮೇಲೆ ಒಂದು ಭಾನುವಾರ ಗಿರಿಜ ಅಕ್ಕನ ಮನೆಗೆ ಬಂದಳು. ನಾನೂ ಅಲ್ಲಿದ್ದೆ. ಅವಳು ಒಳಗೆ ಬರದೆ ಜಗಲಿಯ ತುದಿಯಲ್ಲಿ ಕೂತು, ತಲೆ ಎತ್ತದೆ, "ನೀವು ಹೇಳಿದ್ದೇ ಸರಿಯಾಯ್ತು ನರ್ಸಮ್ಮ" ಎಂದಳು.

ಅಕ್ಕನಿಗೆ ಸಿಟ್ಟು ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವತ್ತಿನದು ಬೇರೆಯೇ.

"ಅದನ್ನ ಹೇಳ್ಬೇಡ ನೀನು!" ಎಂದು ಕೂಗಿದರು. "ಸರಿಯಾಗಿ ಎಂತ ಆಗ್ಬೇಕಿತ್ತು ನಂಗೆ? ನಾನು ಹೇಳಿದ್ದು ಸುಳ್ಳಾಗಿದ್ದಿದ್ರೆ ನಿನ್ನ ಮಗಳು ಕಾಲೇಜಲ್ಲಿ ಇರ್ತಿದ್ಲು. ನೀನು ಬಂದು ನನಗೆ ನಾಲ್ಕು ಬಯ್ಯಬಹುದಿತ್ತು. ಬಯ್ಯಿಸ್ಕೊಳ್ತಿದ್ದೆ." ಆಮೇಲೆ, "ಹುಡುಗೀನ ಇಲ್ಲಿ ಬಿಡು. ನನ್ನ ಜೊತೆ ಇರ್ಲಿ. ಇಲ್ಲಿಂದ ಬಸ್ಸು ಸಿಗ್ತದೆ" ಎಂದರು.

ಗಿರಿಜ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಅವಳೇ ಬ್ಯಾಡ ಅಂತಾಳೆ. ಪುಸ್ತಕ ಎಲ್ಲ ಗುಡ್ಡೆ ಮನೇಲೇ ಬಿಟ್ಟು ಬಂದಾಳೆ. ಗೆದ್ದಲು ಹಿಡ್ದದಂತೆ."

ನಾನು ಎದ್ದು ಕಾಫಿ ಮಾಡಿ ತಂದೆ. ಇಬ್ಬರೂ ಕುಡಿದರು. ಗಿರಿಜ ತನ್ನ ಲೋಟ ತೊಳೆದು ಕವುಚಿಟ್ಟು ಹೋದಳು.

ಅಕ್ಕ ನನ್ನ ಮಹಡಿಗೆ ಬರುವುದು ಆ ದಿನದಿಂದ ನಿಂತಿತು. ಮಂಡಿನೋವು ಎಂದು ಹೇಳುತ್ತಿದ್ದರು. ಮಂಡಿನೋವು ಮೊದಲೂ ಇತ್ತು. ನಾನೇ ಅವರ ಮನೆಗೆ ಹೋಗುತ್ತಿದ್ದೆ. ಬಸ್ಸಿನ ಮಾತು ಅವರು ಎತ್ತುತ್ತಿರಲಿಲ್ಲ, ರಸ್ತೆಯ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಒಮ್ಮೆ ಶೃಂಗೇರಿಯಲ್ಲಿ ಕೆಲವರು ಸೇರಿ ಹಳ್ಳಿ ಬಸ್ಸುಗಳ ಬಗ್ಗೆ ಸಭೆ ಮಾಡುತ್ತಾರಂತೆ, ಇಬ್ಬರೂ ಹೋಗೋಣ ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ರೋಗಿಯ ಮನೆಯವರಿಗೆ ಇನ್ನು ಆಸೆ ಇಲ್ಲ ಎಂದು ಹೇಳಬೇಕಾದಾಗ ನರ್ಸುಗಳು ಹಾಗೆ ನೋಡುತ್ತಾರೆ.

"ಸಣ್ಣ ಊರಲ್ಲಿ ಬಸ್ಸು ಹೋದ್ರೆ ಬರೀ ಬಸ್ಸು ಹೋಗೋದಲ್ಲ ಮಾರಾಯ್ತಿ" ಎಂದರು. "ಅದರಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡ್ತಿದ್ದರಲ್ಲ, ಆ ಜನ ಹೋಗ್ತಾರೆ. ಇನ್ನು ಯಾರಿಗೆ ಅಂತ ಕೇಳೋದು?"

ನಾನೊಬ್ಬಳೇ ಹೋದೆ. ಸಭೆಗೆ ಬಂದಿದ್ದವರಿಗಿಂತ ಹಾಕಿದ್ದ ಕುರ್ಚಿಗಳು ಹೆಚ್ಚಿದ್ದವು. ಬರಬೇಕಿದ್ದ ಅಧಿಕಾರಿ ಬರಲಿಲ್ಲ. ವಾಪಸು ಬಂದು ಅವರಿಗೆ ಹೇಳಿದೆ. "ಹೌದಾ" ಎಂದರು, ಅಷ್ಟೆ.

ಒಂದು ಮಳೆಗಾಲದ ಕೊನೆಯಲ್ಲಿ ಅವರು ತೀರಿಕೊಂಡರು. ಬೆಳಗ್ಗೆ ಹಾಲು ಹಾಕುವವಳು ನೋಡಿದ್ದು. ಮೆಣಸೆಯಿಂದ ಅಣ್ಣನ ಮಗ ಕಾರು ಮಾಡಿಕೊಂಡು ಬಂದ. ಪೇಟೆಯ ಜನ ಸೇರಿದರು. ಅವರ ಕೈಯಲ್ಲಿ ಹುಟ್ಟಿದವರೇ ಚಟ್ಟ ಕಟ್ಟಿದರು. ಕೊಪ್ಪದ ಬಸ್ ಮಾಲೀಕರೂ ಬಂದು ನಿಂತಿದ್ದರು. ಮತ್ತೆ ಮಳೆ ಬರುವ ಹಾಗಿದೆ ಎಂದು ಮಧ್ಯಾಹ್ನಕ್ಕೇ ಸುಟ್ಟು ಮುಗಿಸಿದೆವು.

ಎಲ್ಲರೂ ಹೋಗಿ, ನಾನು ಮನೆ ಗುಡಿಸಿ ನೀರು ಹಾಕುತ್ತಿದ್ದಾಗ ಗಿರಿಜ ಬಂದಳು. ಜೊತೆಗೆ ಲೈನಿನ ಹೆಂಗಸರು, ಗುಡ್ಡೆಯ ಮೇಲೆ ಇನ್ನೂ ಉಳಿದಿದ್ದ ಒಂದಿಬ್ಬರು ಮುದುಕಿಯರು. ಎಲ್ಲರ ಕಾಲೂ ಮೊಣಕಾಲವರೆಗೆ ಕೆಸರು. ಅಂಗಳದಲ್ಲಿ ಒದ್ದೆ ಬೂದಿ, ಚೆಲ್ಲಿದ ಅಕ್ಕಿಕಾಳು ನೋಡಿ ನಿಂತರು.

"ಆಗೋಯ್ತಾ?" ಎಂದಳು ಗಿರಿಜ.

"ಆಯ್ತು" ಎಂದೆ. "ನಿಮಗೆ ಸುದ್ದಿ ತಡವಾಯ್ತಾ?"

"ಸುದ್ದಿ ಬೆಳಗ್ಗೇನೇ ಬಂತು" ಎಂದಳು.

ಒಬ್ಬ ಮುದುಕಿ ಜಗಲಿಯ ಕಂಬ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಉಳಿದವರು ಅಂಗಳದ ಅಂಚಿನಲ್ಲಿ ಸುಮ್ಮನೆ ಕುಕ್ಕರಿಸಿ ಕೂತರು. ಯಾರೂ ಅಳಲಿಲ್ಲ. ಅಷ್ಟು ದೂರ ನಡೆದವರಿಗೆ ಅಳಲೂ ಉಸಿರು ಬೇಕು.

"ಕೂತಿರಿ, ಕಾಫಿ ಇಡ್ತೀನಿ" ಎಂದೆ.

ಗಿರಿಜ ಆಕಾಶ ನೋಡಿದಳು. "ಬ್ಯಾಡ ಅಕ್ಕ. ಈ ಮುದುಕಿಯರನ್ನ ಗುಡ್ಡೆ ಹತ್ತಿಸ್ಬೇಕು. ಈಗ ಹೊರಟ್ರೆ ಕತ್ತಲಾಗೋದ್ರೊಳಗೆ ಮುಟ್ತೀವಿ" ಎಂದು ಎದ್ದಳು.